ಆ ಕಾರಿಡಾರ್ ಫೈಟ್ ಒಂದೇ ನೋಡಿದ್ರೆ ಸಾಕಾ?

ಸೂಪರ್‌ಹೀರೋ ಸೀರೀಸ್‌ಗಳ ಬಗ್ಗೆ ನಾನು ಬಾಯಿ ತೆರೆದರೆ ಸಾಕು, ಯಾರಾದರೂ ಒಬ್ಬರು ಈ ಪ್ರಶ್ನೆ ಕೇಳಿಯೇ ಕೇಳುತ್ತಾರೆ. 'ಡೇರ್‌ಡೆವಿಲ್‌ನ ಎರಡನೇ ಎಪಿಸೋಡ್ ಅಂತ ಎಲ್ಲರೂ ಹೊಗಳ್ತಾರಲ್ಲ, ಅದು ನಿಜಕ್ಕೂ ಅಷ್ಟು ಚೆನ್ನಾಗಿದೆಯಾ? ಆ ಕಾರಿಡಾರ್ ಫೈಟ್ ಒಂದೇ ನೋಡಿದ್ರೆ ಸಾಕಾ?'

ಸಾಲದು. ಯಾಕೆ ಅಂತ ನನಗೆ ಚೆನ್ನಾಗಿ ಗೊತ್ತಾಗಿದ್ದು ಶಿವಮೊಗ್ಗದ ಒಬ್ಬ ಗೆಳೆಯನಿಂದ. ಅವನು ಫೋನಿನಲ್ಲಿ ಆ ಫೈಟಿನ ತುಣುಕು ಮಾತ್ರ ನೋಡಿ ನನಗೆ ಕಾಲ್ ಮಾಡಿದ್ದ. 'ಅಲ್ಲ ಮಾರಾಯ, ಹೊಡೆದಾಟ ಶುರುವಾಗೋ ಮುಂಚೆಯೇ ಇವನು ಅರ್ಧ ಸತ್ತಿದ್ದಾನಲ್ಲ, ಇವನೆಂಥ ಸೂಪರ್‌ಹೀರೋ?' ಅಂದ. ತಮಾಷೆಗೆ ಕೇಳಿದ್ದು. ಆದರೆ ಇಡೀ ಎಪಿಸೋಡ್ ನಿಂತಿರುವುದೇ ಆ ಪ್ರಶ್ನೆಯ ಮೇಲೆ.

ಗೊತ್ತಿಲ್ಲದವರಿಗೆ ಎರಡು ಮಾತು. ಡೇರ್‌ಡೆವಿಲ್ ಮಾರ್ವೆಲ್ ಕಾಮಿಕ್ಸ್‌ನ ಪಾತ್ರ. 1964ರಲ್ಲಿ ಸ್ಟಾನ್ ಲೀ ಮತ್ತು ಬಿಲ್ ಎವರೆಟ್ ಹುಟ್ಟುಹಾಕಿದ್ದು. ಮ್ಯಾಟ್ ಮರ್ಡಾಕ್ ಎಂಬ ಕುರುಡ ವಕೀಲ. ಚಿಕ್ಕವನಿದ್ದಾಗ ಅಪಘಾತದಲ್ಲಿ ಕಣ್ಣು ಹೋಯಿತು, ಉಳಿದ ಇಂದ್ರಿಯಗಳು ವಿಪರೀತ ಚುರುಕಾದವು. ಹಗಲು ಕೋರ್ಟು, ರಾತ್ರಿ ಮುಖಕ್ಕೆ ಬಟ್ಟೆ ಕಟ್ಟಿಕೊಂಡು ರೌಡಿಗಳ ಜೊತೆ ಹೊಡೆದಾಟ. ಇದರ ಸೀರೀಸ್ ನೆಟ್‌ಫ್ಲಿಕ್ಸ್‌ನಲ್ಲಿ 2015ರ ಏಪ್ರಿಲ್ 10ರಂದು ಬಂತು. 13 ಎಪಿಸೋಡ್, ಎಲ್ಲ ಒಂದೇ ದಿನ. ಆಗ ನಮ್ಮ ದೇಶಕ್ಕೆ ನೆಟ್‌ಫ್ಲಿಕ್ಸ್ ಇನ್ನೂ ಕಾಲಿಟ್ಟಿರಲಿಲ್ಲ, ಅದು ಬಂದಿದ್ದು 2016ರ ಜನವರಿಯಲ್ಲಿ. ಅಷ್ಟರೊಳಗೆ ನಾವೆಲ್ಲ ಹೇಗೆ ನೋಡಿದೆವು ಅಂತ ಕೇಳಬೇಡಿ.

ಎರಡನೇ ಎಪಿಸೋಡಿನ ಹೆಸರು 'ಕಟ್ ಮ್ಯಾನ್'. ಬರೆದವರು ಡ್ರೂ ಗೊಡಾರ್ಡ್, ನಿರ್ದೇಶನ ಫಿಲ್ ಅಬ್ರಹಾಂ. ಕಟ್ ಮ್ಯಾನ್ ಅನ್ನುವುದು ಬಾಕ್ಸಿಂಗ್ ಅಖಾಡದ ಮಾತು. ಎರಡು ರೌಂಡ್‌ಗಳ ನಡುವೆ ಒಂದು ನಿಮಿಷ ಬಿಡುವು ಇರುತ್ತದಲ್ಲ, ಆಗ ಬಾಕ್ಸರ್‌ನ ಮುಖದ ಗಾಯ ಒತ್ತಿ ಹಿಡಿದು, ರಕ್ತ ನಿಲ್ಲಿಸಿ, ವ್ಯಾಸಲೀನ್ ಬಳಿದು, ಮತ್ತೆ ಹೊಡೆತ ತಿನ್ನಲು ಕಳಿಸುವವನು. ಅವನು ಗಾಯ ವಾಸಿ ಮಾಡುವುದಿಲ್ಲ. ಇನ್ನೊಂದು ರೌಂಡಿಗೆ ಆಗುವಷ್ಟು ರಿಪೇರಿ ಮಾಡುತ್ತಾನೆ, ಅಷ್ಟೇ.

ಹಳೇ ಎಪಿಸೋಡ್, ಹಾಗಾಗಿ ಕಥೆ ಬಿಟ್ಟುಕೊಡುತ್ತಿದ್ದೇನೆ. ಮೊದಲ ದೃಶ್ಯದಲ್ಲೇ ನಮ್ಮ ಹೀರೋ ಕಸದ ದೊಡ್ಡ ತೊಟ್ಟಿಯಲ್ಲಿ ಬಿದ್ದಿರುತ್ತಾನೆ. ರಷ್ಯನ್ ರೌಡಿಗಳು ಒಬ್ಬ ಹುಡುಗನನ್ನು ಹೊತ್ತೊಯ್ದಿದ್ದಾರೆ. ಅದು ಇವನಿಗೇ ಹಾಕಿದ ಬಲೆ. ಇವನು ಹೋದ, ಚೆನ್ನಾಗಿ ತಿಂದ. ಹೇಗೆ ತಿಂದ ಅಂತ ತೋರಿಸುವುದಿಲ್ಲ. ಸೋಲು ಆಗಿಹೋದ ಮೇಲೆ ಕಥೆ ಶುರು. ಕ್ಲೇರ್ ಎಂಬ ನರ್ಸ್ ಅವನನ್ನು ತನ್ನ ಮನೆಗೆ ಎಳೆದು ತಂದು ಸೋಫಾ ಮೇಲೆ ಮಲಗಿಸುತ್ತಾಳೆ. ಒಂದು ಹಂತದಲ್ಲಿ ಅವನಿಗೆ ಉಸಿರೇ ನಿಲ್ಲುತ್ತದೆ. ಎದೆಗೆ ಸೂಜಿ ಚುಚ್ಚಿ ಒಳಗೆ ಸಿಕ್ಕಿಕೊಂಡ ಗಾಳಿ ಹೊರಗೆ ಬಿಡುತ್ತಾಳೆ. ಹೆಸರು ಕೇಳಿದರೆ ಅವನು ಹೇಳುವುದಿಲ್ಲ. ಸರಿ, 'ಮೈಕ್' ಅಂತ ಕರೀತೀನಿ ಅನ್ನುತ್ತಾಳೆ. ಗುಟ್ಟು ಬಚ್ಚಿಡುವುದರಲ್ಲಿ ಪಳಗಿದ್ದ ಅವಳ ಹಳೇ ಪ್ರೇಮಿಯ ಹೆಸರು ಅದು.

ಇದರ ನಡುನಡುವೆ ಅಪ್ಪನ ಕಥೆ ಬರುತ್ತದೆ. ಜ್ಯಾಕ್ ಮರ್ಡಾಕ್, ವಯಸ್ಸು ಮೀರುತ್ತಿರುವ ಬಾಕ್ಸರ್. ಹೊಡೆಯುವುದಕ್ಕಿಂತ ಹೊಡೆಸಿಕೊಳ್ಳುವುದರಲ್ಲೇ ಹೆಸರು ಮಾಡಿದವನು. ಮನೆಗೆ ಬಂದರೆ ಪುಟ್ಟ ಮ್ಯಾಟ್ ಅಪ್ಪನ ಮುಖಕ್ಕೆ ಹೊಲಿಗೆ ಹಾಕಬೇಕು. ಮಗನ ಕೈ ನಡುಗಬಾರದು ಅಂತ ಅಪ್ಪ ಒಂದು ಗುಟುಕು ವಿಸ್ಕಿ ಕುಡಿಸುತ್ತಾನೆ! ಮೊದಲ ಸಲ ನೋಡಿದಾಗ ನಗು ಬಂತು. ಎರಡನೇ ಸಲ ಬರಲಿಲ್ಲ.

ಈ ಜ್ಯಾಕ್‌ಗೆ ಒಂದು ಡೀಲ್ ಬರುತ್ತದೆ. ಕ್ರಷರ್ ಕ್ರೀಲ್ ಎಂಬ ಬಾಕ್ಸರ್ ಎದುರು 5ನೇ ರೌಂಡಿನಲ್ಲಿ ಬಿದ್ದುಬಿಡಬೇಕು. ನಮಗೆ ಗೊತ್ತಿರೋ ಮ್ಯಾಚ್ ಫಿಕ್ಸಿಂಗೇ. ಜ್ಯಾಕ್ ಮೊದಲು ಒಪ್ಪಿಕೊಳ್ಳುತ್ತಾನೆ. ಆಮೇಲೆ ಮನಸ್ಸು ಬದಲಾಯಿಸಿ, ತನ್ನ ಮೇಲೇ ಬಾಜಿ ಕಟ್ಟಿ, ಗೆದ್ದ ದುಡ್ಡು ಮಗನಿಗೆ ಸೇರುವ ಹಾಗೆ ಮಾಡಿ ರಿಂಗಿಗೆ ಇಳಿಯುತ್ತಾನೆ. ಜನ ತನ್ನ ಹೆಸರು ಕೂಗುವುದನ್ನು ಮಗ ಒಂದೇ ಒಂದು ಸಲ ಕೇಳಲಿ ಅನ್ನುವ ಆಸೆ. ಗೆಲ್ಲುತ್ತಾನೆ, ಅದೇ ರಾತ್ರಿ ಗುಂಡೇಟಿಗೆ ಸಾಯುತ್ತಾನೆ. ಮಗ ಆ ಸದ್ದು ಕೇಳಿ ಓಡಿ ಬರುತ್ತಾನೆ.

ನಮ್ಮಲ್ಲಿ 'ಬಿದ್ದರೂ ಮೀಸೆ ಮಣ್ಣಾಗಲಿಲ್ಲ' ಅಂತ ಒಂದು ಗಾದೆ ಇದೆ. ಈ ಮನೆಯವರದ್ದು ಅದಕ್ಕೆ ಉಲ್ಟಾ. ಮೀಸೆ, ಮುಖ, ಮೈ ಎಲ್ಲ ಮಣ್ಣಾಗಿರುತ್ತದೆ, ಅದನ್ನು ಒರೆಸಿಕೊಳ್ಳುವ ಗೋಜಿಗೂ ಹೋಗುವುದಿಲ್ಲ. ಎದ್ದು ನಿಲ್ಲುತ್ತಾರೆ.

ಈಗ ಕಾರಿಡಾರ್‌ಗೆ ಬರೋಣ. ಆ ಹುಡುಗನನ್ನು ಬಿಡಿಸಿಕೊಂಡು ಬರಲು ಮ್ಯಾಟ್ ರಷ್ಯನ್ನರ ಅಡ್ಡೆಗೆ ನುಗ್ಗುವ ಈ ಫೈಟ್ ಎಪಿಸೋಡಿನ ಕೊನೆಯಲ್ಲಿದೆ. ಸುಮಾರು 3 ನಿಮಿಷ, ಒಂದೇ ಶಾಟ್ ಅನ್ನಿಸುವ ಹಾಗೆ ತೆಗೆದಿದ್ದಾರೆ. ಕ್ಯಾಮೆರಾ ಕಾರಿಡಾರ್ ಬಿಟ್ಟು ಕದಲುವುದೇ ಇಲ್ಲ. ಎರಡೂ ಕಡೆ ಕೋಣೆಗಳು. ಹೊಡೆದಾಟ ಕೋಣೆಯೊಳಗೆ ಹೋದರೆ ನಮಗೆ ಬರೀ ಸದ್ದು. ಬಾಗಿಲಿನಿಂದ ಒಬ್ಬ ಹಾರಿ ಬಂದು ಬೀಳುತ್ತಾನೆ, ಇನ್ನೊಂದು ಸಲ ಮೈಕ್ರೋವೇವ್ ಓವನ್ನೇ ಹಾರಿ ಬರುತ್ತದೆ. ಹೀರೋ ಕುರುಡ. ಅವನು ಲೋಕವನ್ನು ಕಾಣುವುದೇ ಕಿವಿಯಿಂದ. ಅರ್ಧ ಫೈಟನ್ನು ನಮಗೂ ಕಿವಿಯಿಂದಲೇ ತೋರಿಸಿಬಿಟ್ಟರಲ್ಲ, ಆ ಉಪಾಯಕ್ಕೆ ನಾನು ಮಾರುಹೋದೆ. ಜೊತೆಗೆ ಅದು ಅನುಕೂಲವೂ ಹೌದು. ನಟ ಚಾರ್ಲಿ ಕಾಕ್ಸ್ ಬಾಗಿಲ ಹಿಂದೆ ಮರೆಯಾದಾಗ ಸ್ಟಂಟ್ ಮಾಡುವ ಕ್ರಿಸ್ ಬ್ರೂಸ್ಟರ್ ಹೊರಗೆ ಬರಬಹುದು, ಮುಖಕ್ಕೆ ಹೇಗೂ ಕಪ್ಪು ಬಟ್ಟೆ. ಫೈಟ್ ಮಾಸ್ಟರ್ ಫಿಲಿಪ್ ಸಿಲ್ವೆರಾ. 2003ರ ಕೊರಿಯನ್ ಸಿನಿಮಾ 'ಓಲ್ಡ್‌ಬಾಯ್'ನಲ್ಲೂ ಇಂಥದ್ದೇ ಕಾರಿಡಾರ್ ಫೈಟ್ ಇದೆ. ಇದನ್ನು ನೋಡಿದವರಿಗೆ ಅದು ನೆನಪಾಗದೇ ಇರದು.

ಆದರೆ ಸಿಂಗಲ್ ಶಾಟ್ ಅಂತ ಕುಣಿಯುವವರ ಜೊತೆ ನನ್ನದು ಸ್ವಲ್ಪ ಜಗಳ. ನನಗೆ ಅಲ್ಲಿ ಮುಖ್ಯ ಅನ್ನಿಸುವುದು ಸುಸ್ತು. ನಮ್ಮ ಸಿನಿಮಾಗಳಲ್ಲಿ ಹೀರೋ ಒಂದು ಏಟು ಕೊಟ್ಟರೆ ನಾಲ್ಕು ಜನ ಗಾಳಿಯಲ್ಲಿ ತಿರುಗಿ ಬಿದ್ದರು, ಮುಗೀತು. ಮತ್ತೆ ಏಳುವ ಮಾತೇ ಇಲ್ಲ. ಇಲ್ಲಿ ಬಿದ್ದವರೆಲ್ಲ ಮತ್ತೆ ಏಳುತ್ತಾರೆ. ಇವನು ಗೋಡೆಗೆ ಒರಗಿ ಏದುಸಿರು ಬಿಡುತ್ತಾನೆ. ಎಸೆದ ಗುದ್ದು ಗುರಿ ತಪ್ಪುತ್ತದೆ. ಅದೇ ರಾತ್ರಿ ಎದೆಗೆ ಸೂಜಿ ಚುಚ್ಚಿಸಿಕೊಂಡವನು ಅನ್ನುವುದು ನಮಗೆ ಗೊತ್ತಿರುವುದರಿಂದ ಆ ಏದುಸಿರಿಗೆ ಬೆಲೆ. ಅವನಪ್ಪ ಬಿದ್ದು ಎದ್ದು ಗೆದ್ದ ಪಂದ್ಯ ಈ ಕಾರಿಡಾರ್‌ನಲ್ಲಿ ಇನ್ನೊಮ್ಮೆ ನಡೆಯುತ್ತಿದೆ. ಬರೀ ತುಣುಕು ನೋಡಿದರೆ ಇದು ಕಾಣುವುದಿಲ್ಲ. ನನ್ನ ಗೆಳೆಯನಿಗೆ ಕಾಣದೇ ಹೋಗಿದ್ದು ಅದಕ್ಕೇ.

ಇಷ್ಟು ಹೊಗಳಿದ ಮೇಲೆ ಮುಂದಿನ ಪ್ರಶ್ನೆ ಬರುತ್ತದೆ: 'ಹಾಗಾದ್ರೆ ತಪ್ಪೇ ಇಲ್ವಾ?' ಇದೆ, ಜಾಸ್ತಿಯೇ ಇದೆ.

ಸಣ್ಣಪುಟ್ಟವು ಮೊದಲು. ಮ್ಯಾಟ್‌ನ ಗೆಳೆಯ ಫಾಗಿ ಮತ್ತು ಅವರ ಆಫೀಸಿನ ಕ್ಯಾರೆನ್ ಆ ರಾತ್ರಿ ಕುಡಿಯಲು ಹೋಗುತ್ತಾರೆ. ಹಿಂದಿನ ಎಪಿಸೋಡಿನಲ್ಲಿ ನಡೆದದ್ದರಿಂದ ಹೆದರಿದ ಕ್ಯಾರೆನ್‌ಗೆ ತನ್ನ ಮನೆಗೆ ಹೋಗಲು ಭಯ, ಅದು ಅರ್ಥವಾಗುತ್ತದೆ. ಆದರೆ ಅತ್ತ ಒಬ್ಬ ಸಾಯುತ್ತಿರುವಾಗ ಮತ್ತೆ ಮತ್ತೆ ಇತ್ತ ಬಾರಿಗೆ ಕರೆದುಕೊಂಡು ಬಂದರೆ ಹಿಡಿತ ಸಡಿಲವಾಗುತ್ತದೆ. ಕತ್ತಲೆಯೂ ವಿಪರೀತ. ಫೋನಿನಲ್ಲಿ, ಅದೂ ಹಗಲು ಹೊತ್ತು ನೋಡಿದರೆ ಅರ್ಧ ದೃಶ್ಯ ಬರೀ ನಿಮ್ಮ ಮುಖದ ಪ್ರತಿಬಿಂಬ. ಇನ್ನು ಈ ಕಥೆ ನಡೆಯುವ ಜಾಗ, ನ್ಯೂಯಾರ್ಕಿನ ಹೆಲ್ಸ್ ಕಿಚನ್. ಈಗಿನ ನಿಜವಾದ ಹೆಲ್ಸ್ ಕಿಚನ್ ಇರುವುದು ಮ್ಯಾನ್‌ಹ್ಯಾಟನ್‌ನಲ್ಲಿ, ಬ್ರಾಡ್‌ವೇ ನಾಟಕಶಾಲೆಗಳ ಪಕ್ಕ. ಬಾಡಿಗೆ ಕೇಳಿದರೆ ತಲೆ ತಿರುಗಬೇಕು. ಅಲ್ಲಿ ಇಷ್ಟೊಂದು ಗೂಂಡಾಗಿರಿ ಯಾಕೆ ಅನ್ನುವುದಕ್ಕೆ ಮೊದಲ ಎಪಿಸೋಡಿನಲ್ಲಿ ಒಂದು ನೆಪ ಕೊಟ್ಟಿದ್ದಾರೆ: 'ಅವೆಂಜರ್ಸ್' ಸಿನಿಮಾದ ಯುದ್ಧದಲ್ಲಿ ಊರು ಹಾಳಾಯಿತು ಅಂತ. ನಂಬಿದೆ ಅಂದುಕೊಳ್ಳಿ.

ನನ್ನನ್ನು ನಿಜವಾಗಿ ಕಾಡುವುದು ಮಾಳಿಗೆ ಮೇಲಿನ ದೃಶ್ಯ. ರೌಡಿಯೊಬ್ಬ ಪೊಲೀಸ್ ಅಂತ ಹೇಳಿಕೊಂಡು ಮನೆ ಮನೆ ಹುಡುಕುತ್ತಾ ಬರುತ್ತಾನೆ. ಅವನು ಹಚ್ಚಿಕೊಂಡ ಸೆಂಟಿನ ವಾಸನೆ ಮೇಲಿನ ಮಹಡಿಯಲ್ಲೇ ಮ್ಯಾಟ್‌ನ ಮೂಗಿಗೆ ಬಡಿಯುತ್ತದೆ. ಮೆಟ್ಟಿಲ ನಡುವಿನ ಸಂದಿಯಿಂದ ಬೆಂಕಿ ಆರಿಸುವ ಸಿಲಿಂಡರ್ ಬಿಟ್ಟು ಅವನ ತಲೆ ಮೇಲೆ ಬೀಳಿಸುತ್ತಾನೆ. ಇಲ್ಲಿಯವರೆಗೆ ಮಜವಾಗಿದೆ. ಆಮೇಲೆ ಅವನನ್ನು ಮಾಳಿಗೆಗೆ ಹೊತ್ತೊಯ್ದು ಬಾಯಿ ಬಿಡಿಸಲು ಹಿಂಸೆ ಕೊಡುತ್ತಾನೆ. ಕಣ್ಣಿನ ಹತ್ತಿರ ಯಾವ ನರ ಚುಚ್ಚಿದರೆ ನೋವು ಹೆಚ್ಚು ಅಂತ ಹೇಳಿಕೊಡುವುದು ಯಾರು? ಕ್ಲೇರ್. ಜೀವ ಉಳಿಸುವುದೇ ಕೆಲಸವಾಗಿರುವ ನರ್ಸ್. ಸ್ವಲ್ಪ ಮುಂಚೆ ಎದೆಗೆ ಸೂಜಿ ಚುಚ್ಚಿ ಒಬ್ಬನನ್ನು ಬದುಕಿಸಿದ ಅದೇ ತಿಳಿವಳಿಕೆ ಈಗ ಇನ್ನೊಬ್ಬನ ಕಣ್ಣಿನ ಹತ್ತಿರ ಚಾಕು ಇಡುತ್ತದೆ. ಎಂಥ ದೃಶ್ಯ ಆಗಬಹುದಿತ್ತು ನೋಡಿ! ಎಪಿಸೋಡ್ ಅಲ್ಲಿ ನಿಲ್ಲುವುದೇ ಇಲ್ಲ. ಹುಡುಗನ ವಿಳಾಸ ಸಿಕ್ಕಿತು, ಆ ಮನುಷ್ಯನನ್ನು ಮಾಳಿಗೆಯಿಂದ ಕೆಳಗೆ ಎಸೆದದ್ದಾಯಿತು, ಮುಂದೆ ಹೋಗೋಣ.

ಅಲ್ಲೇ ಮ್ಯಾಟ್ ಇನ್ನೊಂದು ಮಾತು ಹೇಳುತ್ತಾನೆ. ನಿನಗೆ ನೋವು ಕೊಡುವುದು ಆ ಹುಡುಗನಿಗಾಗಿ ಮಾತ್ರ ಅಲ್ಲ, ಇದರಲ್ಲಿ ನನಗೆ ಖುಷಿ ಸಿಗುತ್ತದೆ ಅನ್ನುವ ಅರ್ಥದ ಮಾತು. ಮೈ ಜುಮ್ ಅನ್ನುತ್ತದೆ. ಇದು ಸುಳ್ಳು ಬೆದರಿಕೆಯಾ, ನಿಜವಾ? ಆದರೆ ಸ್ವಲ್ಪ ಹೊತ್ತಿಗೇ ಕ್ಲೇರ್ ಅವನ ಹತ್ತಿರ, ಅದನ್ನು ನಾನು ನಂಬಲ್ಲ ಅಂದುಬಿಡುತ್ತಾಳೆ. ಬರೆದವರು ತಾವೇ ಬರೆದ ಮಾತಿಗೆ ಹೆದರಿದ ಹಾಗಿದೆ. ಬಾರಿನಲ್ಲಿ ಕಳೆದ ನಿಮಿಷಗಳಲ್ಲಿ ಎರಡನ್ನು ಇಲ್ಲಿಗೆ ಕೊಟ್ಟಿದ್ದರೆ ಏನು ಹೋಗುತ್ತಿತ್ತು?

ಅಪ್ಪನ ವಿಷಯದಲ್ಲೂ ಹೀಗೇ. ತಾನು ಗೆದ್ದರೆ ಸಾಯುತ್ತೇನೆ ಅಂತ ಜ್ಯಾಕ್‌ಗೆ ಗೊತ್ತು. ಸತ್ತರೆ ಕಣ್ಣಿಲ್ಲದ ಮಗ ಒಂಟಿ ಅಂತಲೂ ಗೊತ್ತು. ಆದರೂ ಗೆಲ್ಲುತ್ತಾನೆ. ಇದು ಮಗನ ಮೇಲಿನ ಪ್ರೀತಿಯಾ, ತನ್ನ ಮಾನದ ಹಟವಾ? ಎಪಿಸೋಡ್ ಇದನ್ನು ಪೂರಾ ತ್ಯಾಗ ಅಂತಲೇ ತೋರಿಸುತ್ತದೆ. ನನಗೆ ಮಾತ್ರ ಪ್ರತಿ ಸಲ ಜ್ಯಾಕ್ ಮೇಲೆ ಸಿಟ್ಟು ಬರುತ್ತದೆ. ಬಿದ್ದಿದ್ದರೆ ಏನಾಗುತ್ತಿತ್ತು ಮಹಾರಾಯ, ಮನೆಗೆ ಬಂದು ಮಗನ ಜೊತೆ ಊಟ ಮಾಡುತ್ತಿದ್ದೆ.

ಇನ್ನೊಂದು ಕೊರತೆ, ಆ ಹುಡುಗ. ಇಡೀ ರಾತ್ರಿ ಇಷ್ಟೆಲ್ಲ ನಡೆಯುವುದು ಅವನಿಗಾಗಿ. ಅವನು ಯಾರು, ಏನು ಯೋಚಿಸುತ್ತಿದ್ದಾನೆ, ಒಂದೂ ಗೊತ್ತಾಗುವುದಿಲ್ಲ. ಬಿಡಿಸಿಕೊಂಡು ಬರಲಿ ಅಂತಲೇ ಅವನನ್ನು ಕೋಣೆಯಲ್ಲಿಟ್ಟ ಹಾಗಿದೆ. ರಷ್ಯನ್ನರಿಗೆ ಮುಂದಿನ ಎಪಿಸೋಡ್‌ಗಳಲ್ಲಾದರೂ ಸ್ವಲ್ಪ ಮುಖ ಬರುತ್ತದೆ, ಈ ಹುಡುಗನಿಗೆ ಅದೂ ಇಲ್ಲ.

ಹೀಗಿದ್ದರೂ ಯಾರು ಕೇಳಿದರೂ ನಾನು ಇದನ್ನೇ ನೋಡಿ ಅನ್ನುತ್ತೇನೆ. ಮೊದಲ ಎಪಿಸೋಡ್ ಮುಗಿಸಿ ನೋಡಿ. ರಾತ್ರಿ ನೋಡಿ, ಲೈಟ್ ಆರಿಸಿ, ದೊಡ್ಡ ಪರದೆಯಲ್ಲಿ. ಮಕ್ಕಳನ್ನು ಪಕ್ಕ ಕೂರಿಸಿಕೊಳ್ಳಬೇಡಿ, ರಕ್ತ ಜಾಸ್ತಿ ಇದೆ.

ಶಿವಮೊಗ್ಗದ ಗೆಳೆಯ ಕೊನೆಗೂ ಪೂರ್ತಿ ನೋಡಿದ. ಎರಡು ವಾರ ಬಿಟ್ಟು ಕಾಲ್ ಮಾಡಿದ. ಕಾರಿಡಾರ್ ಬಗ್ಗೆ ಒಂದು ಮಾತೂ ಆಡಲಿಲ್ಲ. 'ಆ ಅಪ್ಪ ಮಗನಿಗೆ ವಿಸ್ಕಿ ಕುಡಿಸ್ತಾನಲ್ಲ ಮಾರಾಯ' ಅಂದು ಸ್ವಲ್ಪ ಹೊತ್ತು ಸುಮ್ನಿದ್ದ.