ಹಳೆಯ ಸ್ಪೋರ್ಟ್ಸ್ ಕಾರಿನಲ್ಲೇ ದಿನಾ ಕೆಲಸಕ್ಕೆ ಹೋಗಬಹುದಾ?

ಹಳೆಯ ಕಾರುಗಳ ಬಗ್ಗೆ ಬರೆಯುವವರನ್ನು ಬಿಡದೆ ಕಾಡುವ ಪ್ರಶ್ನೆ ಇದು. ಕೆಲವರು ಬ್ರಿಟಿಷ್ ರೋಡ್‌ಸ್ಟರ್ (ಎರಡು ಸೀಟಿನ ತೆರೆದ ಕಾರು) ಎಂಜಿಬಿಯ ಹೆಸರೆತ್ತಿ ಕೇಳುತ್ತಾರೆ, ಕೆಲವರು ಹಳೆಯ ಪೋರ್ಷೆ 911 ಹೆಸರೆತ್ತಿ. ತಿರುಳು ಒಂದೇ: ಈಗಿರುವ ಸಾದಾ ಹ್ಯಾಚ್‌ಬ್ಯಾಕ್ ಮಾರಿ, ವರ್ಷಗಟ್ಟಲೆ ಕನಸು ಕಂಡ ಗಾಡಿಯನ್ನೇ ತಂದು ಅದರಲ್ಲೇ ದಿನದ ಓಡಾಟ ಮಾಡಬಹುದಾ?

ನನ್ನ ಉತ್ತರ: ಕನಸಿನ ಗಾಡಿ ಕೊಳ್ಳಿ, ಹ್ಯಾಚ್‌ಬ್ಯಾಕ್ ಮಾತ್ರ ಮಾರಬೇಡಿ.

ಮೊದಲು ವೇಗದ ಭ್ರಮೆ ಬಿಡೋಣ. 1962ರಲ್ಲಿ ಬಂದ ಎಂಜಿಬಿಗೆ 1798 ಸಿಸಿಯ ಎಂಜಿನ್, ಸುಮಾರು 95 ಅಶ್ವಶಕ್ತಿ. ಸೊನ್ನೆಯಿಂದ 100 ಕಿ.ಮೀ. ವೇಗ ಮುಟ್ಟಲು 12 ಸೆಕೆಂಡಿನ ಆಸುಪಾಸು ಬೇಕು. ಇವತ್ತಿನ ಸಾದಾ ಕುಟುಂಬದ ಕಾರು ಅದಕ್ಕೆ ಸರಿಸಮ. ಹಳೆಯ ಗಾಡಿಯ ಸುಖ ಇರುವುದು ಬೇರೆ ಕಡೆ: ನೆಲಕ್ಕೆ ಹತ್ತಿರದ ಸೀಟು, ರಸ್ತೆಯ ಪ್ರತಿ ಕಲ್ಲನ್ನೂ ಕೈಗೆ ಮುಟ್ಟಿಸುವ ಸ್ಟಿಯರಿಂಗ್, ಕಾರ್ಬುರೇಟರ್ (ಗಾಳಿಗೆ ಪೆಟ್ರೋಲ್ ಬೆರೆಸುವ ಭಾಗ) ಗಾಳಿ ಎಳೆದುಕೊಳ್ಳುವ ಸದ್ದು. ಈ ಸುಖಕ್ಕೆ ಖಾಲಿ ರಸ್ತೆ ಬೇಕು. ಕೆಲಸಕ್ಕೆ ಹೋಗುವ ಹೊತ್ತಿನ ರಸ್ತೆಯಲ್ಲಿ ಅದು ಸಿಗುವುದಿಲ್ಲ, ಸಿಗುವುದು ಬರೀ ಕ್ಲಚ್ಚಿನ ಭಾರ.

ಗಾಡಿ ಹಳೆಯದು, ಅದಕ್ಕೇ ಕೆಡುತ್ತದೆ ಎಂದು ಬಹಳ ಮಂದಿ ತಿಳಿದಿದ್ದಾರೆ. ಅದನ್ನು ಬೇಗ ಹಾಳು ಮಾಡುವುದು ಓಡಾಟದ ರೀತಿ. ಏಳೆಂಟು ಕಿ.ಮೀ. ದೂರದ ಕೆಲಸದ ಜಾಗಕ್ಕೆ ಹೋಗುವವರನ್ನೇ ತೆಗೆದುಕೊಳ್ಳಿ. ಬೆಳಿಗ್ಗೆ ಚೋಕ್ ಎಳೆದು ಸ್ಟಾರ್ಟ್ ಮಾಡುತ್ತೀರಿ, ಪೆಟ್ರೋಲ್ ಹೆಚ್ಚು, ಗಾಳಿ ಕಮ್ಮಿ. ಉರಿಯದೆ ಉಳಿದ ಪೆಟ್ರೋಲ್ ಸಿಲಿಂಡರ್ ಗೋಡೆಯ ಎಣ್ಣೆಯನ್ನು ತೊಳೆದು ಕೆಳಗಿಳಿಯುತ್ತದೆ. ನೀರಿನ ಬಿಸಿ ತೋರಿಸುವ ಮುಳ್ಳು ಹತ್ತು ನಿಮಿಷದಲ್ಲಿ ನಡುವಿಗೆ ಬಂದರೂ ಎಣ್ಣೆ ಪೂರ್ತಿ ಕಾಯಲು ಅದರ ಎರಡರಷ್ಟು ಹೊತ್ತು ಬೇಕು. ಅಷ್ಟರಲ್ಲಿ ನೀವು ತಲುಪಿ ಕೀಲಿ ತೆಗೆದಿರುತ್ತೀರಿ. ಎಂಜಿನ್ ಒಳಗೆ ಕಟ್ಟಿದ ತೇವ ಆವಿಯಾಗದೆ ಎಣ್ಣೆಯಲ್ಲೇ ಉಳಿಯುತ್ತದೆ, ಸೈಲೆನ್ಸರಿನ ತೇವ ಅದನ್ನು ಒಳಗಿನಿಂದ ತಿನ್ನುತ್ತದೆ. ಎಣ್ಣೆ ಹಾಕುವ ಮುಚ್ಚಳದ ಒಳಗೆ ಕೆನೆಯಂಥ ಬಿಳಿ ಪದರ ಕಂಡರೆ ಹೆಡ್ ಗ್ಯಾಸ್ಕೆಟ್ (ಎಂಜಿನ್ನಿನ ತಲೆಭಾಗದ ಸೀಲು) ಹೋಯಿತೆಂದು ಕೂಡಲೇ ಗಾಬರಿ ಬೇಡ. ರೇಡಿಯೇಟರ್ ನೀರು ಇಳಿಯುತ್ತಿಲ್ಲ ಎಂದಾದರೆ ಬಹುತೇಕ ಇದೇ ತೇವ.

ಸಂಜೆಯ ತೊಂದರೆ ಇದಕ್ಕೆ ತದ್ವಿರುದ್ಧ. ಎಂಜಿಬಿಯಲ್ಲಿ ಎಸ್‌ಯು ಕಂಪನಿಯ ಎರಡು ಕಾರ್ಬುರೇಟರುಗಳೂ ಬಿಸಿ ಹೊಗೆ ಹೊರಹಾಕುವ ಎಕ್ಸಾಸ್ಟ್ ಮ್ಯಾನಿಫೋಲ್ಡೂ ಎಂಜಿನ್ನಿನ ಒಂದೇ ಬದಿಗಿವೆ. ಸಾಲುಗಟ್ಟಿ ನಿಂತ ವಾಹನಗಳ ನಡುವೆ ತೆವಳಿ, ಎಲ್ಲೋ ಹತ್ತು ನಿಮಿಷ ಆಫ್ ಮಾಡಿ ಬಂದರೆ ಕಾರ್ಬುರೇಟರಿನ ಪುಟ್ಟ ತೊಟ್ಟಿಯಲ್ಲಿನ (ಫ್ಲೋಟ್ ಚೇಂಬರ್) ಪೆಟ್ರೋಲ್ ಕುದಿದಿರುತ್ತದೆ. ಗಾಡಿ ಮೊಂಡು ಹಿಡಿಯುತ್ತದೆ. ಆಗ ಚೋಕ್ ಮುಟ್ಟಬೇಡಿ. ಆಕ್ಸಿಲರೇಟರ್ ಪೂರ್ತಿ ಒತ್ತಿ ಹಿಡಿದು ಸ್ಟಾರ್ಟರ್ ತಿರುಗಿಸಿ, ಅದಕ್ಕೂ ಬಗ್ಗದಿದ್ದರೆ ಬಾನೆಟ್ ತೆರೆದು ಕಾಲು ಗಂಟೆ ಕಾಯಿರಿ. ಕಾರ್ಬುರೇಟರ್ ಹಿಂದಿನ ಹೀಟ್ ಶೀಲ್ಡ್ ಜಾಗದಲ್ಲಿದೆಯೇ ಎಂದೂ ನೋಡಿ. ಹಿಂದಿನ ಮಾಲೀಕರು ಬಿಚ್ಚಿ ಎಸೆದಿರುವುದು ಅಪರೂಪವಲ್ಲ.

ಕರೆಂಟಿನ ಲೆಕ್ಕ ಇನ್ನೂ ಬಿಗಿ. ಮೊದಲ ವರ್ಷಗಳ ಎಂಜಿಬಿಗೆ ಇರುವುದು ಡೈನಮೋ, ಹೆಚ್ಚೆಂದರೆ 22 ಆಂಪಿಯರ್. ಹೆಡ್‌ಲೈಟಿಗೆ 10, ಉಳಿದ ದೀಪಗಳಿಗೆ 2, ಇಗ್ನಿಷನ್‌ಗೆ 3, ವೈಪರಿಗೆ 3, ಅಲ್ಲಿಗೇ 18. ಮೇಲೊಂದು ಎಲೆಕ್ಟ್ರಿಕ್ ಫ್ಯಾನ್ ಕೂರಿಸಿದರೆ ಲೆಕ್ಕ ತಪ್ಪಿತು. ನಿಂತಲ್ಲೇ ಎಂಜಿನ್ ಓಡುವಾಗಲಂತೂ ಡೈನಮೋ ಕೊಡುವುದು ಏನೂ ಇಲ್ಲವೆನ್ನುವಷ್ಟು. ಮಳೆಯ ಸಂಜೆ, ನಿಂತು ನಿಂತು ಸಾಗುವ ದಾರಿ, ವಾರವಿಡೀ ಹೀಗೇ ನಡೆದರೆ ಶುಕ್ರವಾರದ ಹೊತ್ತಿಗೆ ಬ್ಯಾಟರಿ ಕೈ ಕೊಡುತ್ತದೆ. (ಈ ಗಾಡಿಗಳು ಪಾಸಿಟಿವ್ ಅರ್ತ್. ಅಂದರೆ ಬಾಡಿಯೇ ಪ್ಲಸ್. ಗೊತ್ತಿಲ್ಲದೆ ಫೋನ್ ಚಾರ್ಜರ್ ಜೋಡಿಸಿದರೆ ಹೊಗೆ ಏಳಬಹುದು.)

ಇನ್ನು ಆರೈಕೆ. ಸುಮಾರು 5,000 ಕಿ.ಮೀ.ಗೆ ಒಮ್ಮೆ ಪಾಯಿಂಟ್ (ಕಿಡಿಗಾಗಿ ಕರೆಂಟ್ ಕಡಿಯುವ ಸ್ವಿಚ್ಚು) ಗ್ಯಾಪ್ 0.35ರಿಂದ 0.40 ಮಿ.ಮೀ.ಗೆ, ಪ್ಲಗ್ ಗ್ಯಾಪ್ 0.6 ಮಿ.ಮೀ.ಗೆ ಹೊಂದಿಸಬೇಕು. ವಾಲ್ವ್‌ಗಳ ಸಂದು (ಟ್ಯಾಪೆಟ್) ನೋಡಬೇಕು, ಎಸ್‌ಯು ಕಾರ್ಬುರೇಟರಿನ ಡ್ಯಾಂಪರಿಗೆ ಎಣ್ಣೆ ಬಿಡಬೇಕು, ಮುಂದಿನ ಚಕ್ರ ತಿರುಗುವ ಕೀಲುಗಳಾದ ಕಿಂಗ್‌ಪಿನ್‌ಗಳಿಗೆ ಗ್ರೀಸ್ ತುಂಬಬೇಕು. ಪಾಯಿಂಟನ್ನು ಅಸಡ್ಡೆ ಮಾಡಿದರೆ ಅದರ ಹಿಮ್ಮಡಿ ಸವೆದು ಗ್ಯಾಪ್ ಕಿರಿದಾಗುತ್ತದೆ, ಕಿಡಿಯ ಟೈಮಿಂಗ್ ಹಿಂದೆ ಬೀಳುತ್ತದೆ, ಎಂಜಿನ್ ಕಾಯತೊಡಗುತ್ತದೆ. ಜನ ರೇಡಿಯೇಟರನ್ನು ಬೈಯುತ್ತಾರೆ! ತಿಂಗಳಿಗೆ 1,500 ಕಿ.ಮೀ. ಓಡಿಸುವವರಿಗೆ ಇದೆಲ್ಲ ಮೂರು ತಿಂಗಳಿಗೊಮ್ಮೆ ಅರ್ಧ ದಿನದ ಕೆಲಸ. ಗಾಳಿಯಿಂದ ತಣ್ಣಗಾಗುವ 911ರ ಮಾಲೀಕರು ಪಾಯಿಂಟಿಗಿಂತ ಎಣ್ಣೆ ಅಳೆಯುವುದರಲ್ಲಿ ಎಡವುತ್ತಾರೆ. ಅದರ ಎಣ್ಣೆ ಪ್ರತ್ಯೇಕ ಟ್ಯಾಂಕಿನಲ್ಲಿದೆ. ಎಂಜಿನ್ ಚೆನ್ನಾಗಿ ಕಾದು, ಸಮ ನೆಲದ ಮೇಲೆ ಓಡುತ್ತಿರುವಾಗಲೇ ಅಳೆಯಬೇಕು. ತಣ್ಣಗಿದ್ದಾಗ ನೋಡಿ ಕಮ್ಮಿಯೆಂದು ಸುರಿದರೆ ಹೆಚ್ಚಾದದ್ದು ಏರ್ ಫಿಲ್ಟರಿಗೆ ಉಕ್ಕುತ್ತದೆ.

ಎಥೆನಾಲ್ ಬೆರೆತ ಪೆಟ್ರೋಲ್ ಹಳೆಯ ರಬ್ಬರ್ ಪೈಪುಗಳನ್ನು ಉಬ್ಬಿಸಿ ಬಿರಿಸುತ್ತದೆ. ಬಿರುಕಿನ ಕೆಳಗೆ ಬಿಸಿ ಮ್ಯಾನಿಫೋಲ್ಡ್ ಇರುತ್ತದೆ ಎಂಬುದು ನೆನಪಿರಲಿ. ಗಾಡಿ ತಂದ ದಿನವೇ ಟ್ಯಾಂಕಿನಿಂದ ಕಾರ್ಬುರೇಟರಿನವರೆಗೆ ಎಲ್ಲ ಪೈಪುಗಳನ್ನೂ ಎಥೆನಾಲ್ ತಾಳುವ ಆರ್9 ದರ್ಜೆಯವಕ್ಕೆ ಬದಲಿಸಿ. ಬ್ರೇಕ್ ಆಯಿಲ್ ಕೂಡ. ಅದು ಗಾಳಿಯ ತೇವ ಹೀರಿಕೊಳ್ಳುತ್ತದೆ: ಡಾಟ್ 4 ದರ್ಜೆಯದು ಹೊಸದಿದ್ದಾಗ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯದು, ತೇವ ಹಿಡಿದ ಮೇಲೆ ಆ ಮಿತಿ 155ಕ್ಕೆ ಇಳಿಯಬಹುದು. ಬಹುಪಾಲು ಅರವತ್ತರ ದಶಕದ ಗಾಡಿಗಳಲ್ಲಿ ಬ್ರೇಕಿಗೆ ಒಂದೇ ಸರ್ಕ್ಯೂಟ್, ಎಲ್ಲೋ ಒಂದು ಕಡೆ ಸೋರಿದರೂ ನಾಲ್ಕೂ ಚಕ್ರದ ಬ್ರೇಕ್ ಹೋದಂತೆಯೇ. ಆಮೇಲೆ ಉಳಿಯುವುದು ಹ್ಯಾಂಡ್‌ಬ್ರೇಕ್.

ಇಷ್ಟೆಲ್ಲ ಮಾಡಲು ಸಿದ್ಧ ಎನ್ನುವವರಿಗೂ ಹ್ಯಾಚ್‌ಬ್ಯಾಕ್ ಮಾರಬೇಡಿ ಎನ್ನುವುದಕ್ಕೆ ಕಾರಣ ಬಿಡಿಭಾಗ ಬರುವವರೆಗಿನ ಕಾಯುವಿಕೆ. ಎಂಜಿಬಿಯ ಮಟ್ಟಿಗೆ ಪುಣ್ಯ, ಐದು ಲಕ್ಷಕ್ಕೂ ಹೆಚ್ಚು ತಯಾರಾದ ಗಾಡಿ, ಇಡೀ ಬಾಡಿಯನ್ನೇ ಹೊಸದಾಗಿ ಮಾಡಿಕೊಡುವವರಿದ್ದಾರೆ. ಆದರೂ ವಾಟರ್ ಪಂಪ್ ಮಂಗಳವಾರ ಹೋದರೆ ಬುಧವಾರಕ್ಕೆ ಬರುವುದಿಲ್ಲ. ಕಡಿಮೆ ಸಂಖ್ಯೆಯಲ್ಲಿ ತಯಾರಾದ ಗಾಡಿಯ ಒಂದು ಗಾಜಿಗೆ ತಿಂಗಳುಗಟ್ಟಲೆ ಕಾಯಬೇಕಾದೀತು. ಮನೆಯಲ್ಲಿ ಇನ್ನೊಂದು ಕಾರಿದ್ದರೆ ಸರಿಯಾದ ಭಾಗಕ್ಕೆ ಕಾಯುವ ತಾಳ್ಮೆ ಇರುತ್ತದೆ, ಇಲ್ಲದಿದ್ದರೆ ನಾಳೆಯೇ ಓಡಬೇಕೆಂಬ ಆತುರಕ್ಕೆ ಸಿಕ್ಕಿದ್ದನ್ನು ತುರುಕಿಸುತ್ತೀರಿ. ಹಳೆಯ ಗಾಡಿಗಳಲ್ಲಿ ಕಾಣುವ ಅರ್ಧಕ್ಕರ್ಧ ವೈರಿಂಗ್ ಅವಾಂತರ ಇಂಥ ಆತುರದಲ್ಲಿ ಹುಟ್ಟಿದ್ದೇ.

ಹಾಗೆಂದು ಕವರ್ ಹೊದಿಸಿ ವರ್ಷವಿಡೀ ನಿಲ್ಲಿಸುವುದು ಇನ್ನೂ ಕೆಟ್ಟದ್ದು. ಬ್ರೇಕಿನ ಕ್ಯಾಲಿಪರ್ ಪಿಸ್ಟನ್ ಜಾಮ್ ಆಗುತ್ತದೆ, ಕ್ಲಚ್ ಪ್ಲೇಟ್ ಫ್ಲೈವೀಲಿಗೆ ಅಂಟುತ್ತದೆ, ಪೆಟ್ರೋಲ್ ಕಾರ್ಬುರೇಟರಿನಲ್ಲೇ ಅಂಟಾಗುತ್ತದೆ. ಎರಡು ವಾರಕ್ಕೊಮ್ಮೆ 30 ಕಿ.ಮೀ. ಓಡಿಸಿ. ನಿಂತಲ್ಲೇ ಹತ್ತು ನಿಮಿಷ ಸ್ಟಾರ್ಟ್ ಮಾಡಿಡುವುದು ಲೆಕ್ಕಕ್ಕಿಲ್ಲ, ಅದು ಮೇಲೆ ಹೇಳಿದ ತಣ್ಣನೆಯ ಓಡಾಟದ ಕೇಡನ್ನೇ ತರುತ್ತದೆ.

ಒಂದೇ ಕಾರಿಗೆ ಜಾಗ, ಆದರೂ ಆಸೆ ಬಿಡದು ಎನ್ನುವವರಿಗೆ ನಾನು ತೋರಿಸುವ ದಾರಿ 1989ರಲ್ಲಿ ಬಂದ ಮಾಜ್ದಾ ಎಂಎಕ್ಸ್-5. ಹಳೆಯ ಬ್ರಿಟಿಷ್ ರೋಡ್‌ಸ್ಟರುಗಳ ಜಾಡಿನಲ್ಲೇ ಹುಟ್ಟಿದ್ದು. ಫ್ಯೂಯೆಲ್ ಇಂಜೆಕ್ಷನ್ ಇದೆ, ಪಾಯಿಂಟಿನ ತಲೆನೋವಿಲ್ಲ. ಟೈಮಿಂಗ್ ಬೆಲ್ಟನ್ನು 1,00,000 ಕಿ.ಮೀ.ಗೆ ಬದಲಿಸಿದರೆ ಆಯಿತು, 1.6 ಲೀಟರ್ ಎಂಜಿನ್ನಿನಲ್ಲಿ ಅದು ಹರಿದರೂ ವಾಲ್ವ್ ಬಾಗುವುದಿಲ್ಲ. ಇದರ ಶತ್ರು ತುಕ್ಕು, ಅದೂ ಹಿಂದಿನ ಚಕ್ರದ ಮುಂದಿನ ಸಿಲ್‌ನಲ್ಲಿ (ಬಾಗಿಲ ಕೆಳಗಿನ ಪಟ್ಟಿ). ಬಟ್ಟೆಯ ಮೇಲ್ಛಾವಣಿಯ ನೀರು ಹರಿದುಹೋಗಲು ಸೀಟಿನ ಹಿಂದೆ, ಎರಡೂ ಬದಿಗೆ ಒಂದೊಂದು ಕಿಂಡಿ ಇದೆ. ಕಸ ಕಟ್ಟಿಕೊಂಡರೆ ನೀರು ಸಿಲ್ ಒಳಗೆ ಇಳಿದು ಕೂರುತ್ತದೆ. ಕೊಳ್ಳುವ ಮುನ್ನ ಒಂದೊಂದು ಕಿಂಡಿಗೂ ಒಂದು ಲೋಟ ನೀರು ಹುಯ್ದು, ಕೆಳಗೆ ಬಗ್ಗಿ ನೋಡಿ. ನೆಲಕ್ಕೆ ಧಾರೆಯಾಗಿ ಬೀಳಬೇಕು.