ಲಾಲ್‌ಬಾಗ್‌ನಲ್ಲಿ ಹತ್ತು ಹೆಜ್ಜೆ ಮುಂದೆ

ನಾನು ಕೋಚಿಂಗ್ ಕೆಲಸ ಮಾಡುತ್ತೇನೆ. ಆಫೀಸಿನಲ್ಲಿ ಎಲ್ಲೋ ಸಿಕ್ಕಿಹಾಕಿಕೊಂಡವರ ಜೊತೆ ಕೂತು, ದಾರಿ ಅವರಿಗೇ ಕಾಣುವವರೆಗೆ ಪ್ರಶ್ನೆ ಕೇಳುವುದು ನನ್ನ ಕೆಲಸ. ಅಂಥವರಲ್ಲಿ ಒಬ್ಬರ ವಿಷಯವನ್ನು ಅವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ.

ಮೊದಲ ಎರಡು ಭೇಟಿ ಅವರ ಕಂಪನಿಯ ಮೀಟಿಂಗ್ ರೂಮಿನಲ್ಲಿ. ಎದುರುಬದುರು ಕುರ್ಚಿ, ನಡುವೆ ಮೇಜು. ಮ್ಯಾನೇಜರ್ ಆಗಿ ಆರು ತಿಂಗಳಾಗಿತ್ತು. ಕೆಲಸ ಹಂಚಲು ಮನಸ್ಸು ಬರುತ್ತಿರಲಿಲ್ಲ. ಟೀಮಿನವರು ಮಾಡಿದ್ದನ್ನು ರಾತ್ರಿ ಹನ್ನೊಂದರವರೆಗೆ ತಾವೇ ತಿದ್ದುತ್ತಾ ಕೂರುತ್ತಿದ್ದರು. ನಾನು ಏನು ಕೇಳಿದರೂ ನೀರಿನ ಬಾಟಲಿಯ ಮುಚ್ಚಳ ತಿರುಗಿಸುತ್ತಾ, ಇಂಟರ್‌ವ್ಯೂನಲ್ಲಿ ಹೇಳುವ ಹಾಗೆ ಸರಿಯಾದ ಉತ್ತರ ಕೊಡುತ್ತಿದ್ದರು.

ಮೂರನೇ ಸಲ, "ಲಾಲ್‌ಬಾಗ್‌ಗೆ ಬರ್ತೀರಾ ಸರ್? ನಡೀತಾ ಮಾತಾಡೋಣ" ಅಂದೆ.

ವಾರದ ನಡುವಿನ ದಿನ, ವಾಕಿಂಗ್ ಗುಂಪು ಕರಗಿದ ಮೇಲೆ ಸೇರಿದೆವು. ಗೇಟಿನಲ್ಲೇ ಮೂರು ಮಾತಾಯಿತು. ಫೋನ್ ಸೈಲೆಂಟ್. ಪರಿಚಯದವರು ಸಿಕ್ಕರೆ ನಮಸ್ಕಾರ ಹೇಳಿ ಮುಂದೆ ಹೋಗುವುದು, ನನ್ನನ್ನು ಯಾರಿಗೂ ಪರಿಚಯ ಮಾಡಿಸಬೇಕಿಲ್ಲ. ಹಿಂದೆ ಯಾರಾದರೂ ಹತ್ತಿರ ಬಂದರೆ ಮಾತು ನಿಲ್ಲಿಸುವುದು. ಬಯಲಿನಲ್ಲಿ ಗುಟ್ಟು ಕಾಪಾಡುವುದು ಕೋಣೆಯಲ್ಲಿದ್ದಷ್ಟು ಸುಲಭ ಅಲ್ಲ. ಇದನ್ನು ಮೊದಲೇ ಮಾತಾಡಿಕೊಳ್ಳದೆ ನಾನು ಯಾರನ್ನೂ ಹೊರಗೆ ಕರೆದುಕೊಂಡು ಹೋಗುವುದಿಲ್ಲ.

ನಡೆಯುವಾಗ ಹೊಸ ಯೋಚನೆಗಳು ಜಾಸ್ತಿ ಹುಟ್ಟುತ್ತವೆ ಅಂತ ಸ್ಟ್ಯಾನ್‌ಫರ್ಡ್‌ನ ಇಬ್ಬರು ಸಂಶೋಧಕರು 2014ರಲ್ಲಿ ತೋರಿಸಿದ್ದರು. ಖಾಲಿ ಗೋಡೆಯ ಮುಂದೆ ಟ್ರೆಡ್‌ಮಿಲ್ ಮೇಲೆ ನಡೆದವರಿಗೂ ಹಾಗೇ ಆಗಿತ್ತಂತೆ. ಆದರೆ ನನಗೆ ಮುಖ್ಯ ಅನ್ನಿಸುವುದು ಬೇರೆ. ಪಕ್ಕದಲ್ಲಿ ನಡೆಯುವವರ ಮುಖ ನೋಡಬೇಕಿಲ್ಲ, ಅಲ್ವಾ? ಕೋಣೆಯಲ್ಲಿ ಅರ್ಧ ನಿಮಿಷ ಸುಮ್ಮನಿದ್ದರೆ ಇಬ್ಬರಿಗೂ ಇರುಸುಮುರುಸು. ಮರದ ಕೆಳಗೆ ಐದು ನಿಮಿಷ ಸುಮ್ಮನೆ ನಡೆದರೂ ಅದು ಬರೀ ನಡಿಗೆ.

ಗಾಜಿನ ಮನೆ ದಾಟುವಷ್ಟರಲ್ಲಿ ಅವರ ಮಾತು ಸಡಿಲವಾಯಿತು. ಜೊತೆಗೆ ಕಾಲೂ ಜೋರಾಯಿತು. ಟೀಮಿನ ಹುಡುಗಿಯೊಬ್ಬಳ ವಿಷಯ ಬಂದಾಗಲೆಲ್ಲ ಅವರು ಮುಂದೆ, ನಾನು ಹಿಂದೆ. ಅವಳು ಚೆನ್ನಾಗಿ ಕೆಲಸ ಮಾಡುತ್ತಾಳಂತೆ, ಆದರೂ ಡೆಮೊ ಕೊಡಲು ಬಿಡಲು ಧೈರ್ಯ ಸಾಲದಂತೆ.

ಕೆಂಪೇಗೌಡರ ಗೋಪುರವಿರುವ ಬಂಡೆ ಹತ್ತುವಾಗ ನಾನು ಏನೂ ಕೇಳಲಿಲ್ಲ. ಏರಿನಲ್ಲಿ ಕೇಳಿದರೆ ಉಸಿರಿಗೆ ತಕ್ಕ ಉತ್ತರ ಬರುತ್ತದೆಯೇ ಹೊರತು ಮನಸ್ಸಿನದು ಬರುವುದಿಲ್ಲ. ಸುಮಾರು 300 ಕೋಟಿ ವರ್ಷದ ಕಲ್ಲು ಅದು, ನಮಗೇನು ಅವಸರ? ಮೇಲೆ ಹೋದ ಮೇಲೆ ಕಂಡದ್ದನ್ನಷ್ಟೇ ಹೇಳಿದೆ. "ಒಟ್ಟಿಗೇ ಹೊರಟೆವು ಸರ್. ನೀವು ಹತ್ತು ಹೆಜ್ಜೆ ಮುಂದೆ ಇದ್ದೀರಿ."

ತಿರುಗಿ ನೋಡಿದರು. ಶೂವಿನ ತುದಿಯಿಂದ ಬಂಡೆಯ ಮೇಲಿನ ಒಣಗಿದ ಎಲೆಯೊಂದನ್ನು ಅತ್ತಿತ್ತ ಸರಿಸಿದರು. ತುಂಬಾ ಹೊತ್ತಾದ ಮೇಲೆ, "ನನ್ನ ಮಗಳೂ ಹಿಂದಿನಿಂದ ಕೂಗ್ತಾಳೆ ಮೇಡಂ. ಅಪ್ಪಾ, ನಿಲ್ಲು ಅಂತ" ಅಂದರು.

ಮೂರು ಭೇಟಿಯಲ್ಲಿ ಮನೆಯ ಸುದ್ದಿ ಬಂದದ್ದು ಅದೇ ಮೊದಲು. ನಾನು ಮಾತಾಡಲಿಲ್ಲ. ಅವರ ಕಣ್ಣು ಒದ್ದೆಯಾಗಿತ್ತೇನೋ. ನಾನು ಪಕ್ಕದಲ್ಲೇ ನಿಂತು ಊರಿನ ಕಡೆ ನೋಡುತ್ತಿದ್ದೆ.

ನಡೆಯುವಾಗ ನಾನು ನೋಟ್ಸ್ ಬರೆಯುವುದಿಲ್ಲ. ಬೇಕಾದದ್ದನ್ನು ಅವರೇ ತಮ್ಮ ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳುತ್ತಾರೆ. ಬಂಡೆ ಇಳಿದ ಮೇಲೆ ಅವರು ಹೇಳಿಕೊಂಡದ್ದು ಇಷ್ಟೇ: "ಗುರುವಾರದ ಡೆಮೊ ಅವಳೇ ಕೊಡಲಿ. ನಾನು ಹಿಂದಿನ ಸಾಲಲ್ಲಿ ಕೂರ್ತೀನಿ."

ವಾಪಸ್ ಬರುವಾಗ ಮತ್ತೆ ಎರಡು ಸಲ ಮುಂದೆ ಹೋದರು. ಎರಡು ಸಲವೂ ನಿಂತು ಕಾದರು.