ಬಿಸಿಲಿನಿಂದ ಚಿತ್ರದವರೆಗೆ: ಒಂದು ಪ್ರವೇಶ ಕಟ್ಟಡದ ವಿನ್ಯಾಸ

ಹಳೆಯ ಬಂಗಲೆಯಲ್ಲಿರುವ ಕಲಾ ಸಂಗ್ರಹಾಲಯವೊಂದಕ್ಕೆ ಹೊಸ ಪ್ರವೇಶ ಕಟ್ಟಡವನ್ನು ವಿನ್ಯಾಸಗೊಳಿಸುವ ಕೆಲಸ ನನ್ನ ಪಾಲಿಗೆ ಬಂದಾಗ, ಮೊದಲ ಎರಡು ತಿಂಗಳು ಅದು ರಸ್ತೆಯಿಂದ ಹೇಗೆ ಕಾಣಬೇಕೆಂಬುದನ್ನಷ್ಟೇ ಯೋಚಿಸಿದೆ. 1989ರಲ್ಲಿ ತೆರೆದ ಪ್ಯಾರಿಸ್ಸಿನ ಲೂವ್ರ್ ಸಂಗ್ರಹಾಲಯದ ಪ್ರವೇಶದ್ವಾರವಾದ ಗಾಜಿನ ಪಿರಮಿಡ್ಡು ನನ್ನ ಕಣ್ಣಲ್ಲಿ ತುಂಬಿತ್ತು. ನಾನು ಬರೆದದ್ದೂ ಎತ್ತರದ ಗಾಜಿನ ಹಜಾರವೇ. ಅದರ ನಡುವೆ ಟಿಕೆಟ್ ಕೌಂಟರ್, ಅಲ್ಲಿಂದ ಹತ್ತು ಹೆಜ್ಜೆಗೆ ಮೊದಲ ಗ್ಯಾಲರಿಯ ಬಾಗಿಲು.

ನಕ್ಷೆಯನ್ನು ಸ್ಥಳದಲ್ಲಿ ಹೋಲಿಸಿ ನೋಡುತ್ತಿದ್ದ ದಿನ ಅಲ್ಲಿನ ಹಿರಿಯ ಕಾವಲುಗಾರರು ಹೇಳಿದರು: "ಮೇಡಂ, ಬಿಸಿಲಿಂದ ಬಂದವರೆಲ್ಲ ಮೊದಲನೇ ರೂಮಲ್ಲಿ ಲೈಟ್ ಹಾಕಿ ಅಂತಾರೆ. ಲೈಟ್ ಹಾಕೇ ಇರುತ್ತೆ."

ಆ ಕೋಣೆಯಲ್ಲಿರುವುದು ಕಾಗದದ ಮೇಲಿನ ಜಲವರ್ಣ ಚಿತ್ರಗಳು. ಬೆಳಕಿನಿಂದ ಬಣ್ಣಕ್ಕಾಗುವ ಹಾನಿ ದಿನದಿಂದ ದಿನಕ್ಕೆ ಕೂಡುತ್ತ ಹೋಗುತ್ತದೆಯೇ ಹೊರತು ಮತ್ತೆ ಸರಿಹೋಗುವುದಿಲ್ಲವಾದ್ದರಿಂದ, ಅಂಥ ಚಿತ್ರಗಳ ಮೇಲೆ ಸಾಮಾನ್ಯವಾಗಿ 50 ಲಕ್ಸ್‌ಗಿಂತ ಹೆಚ್ಚು ಬೆಳಕು ಬೀಳಿಸುವುದಿಲ್ಲ (ಲಕ್ಸ್ ಎಂದರೆ ಮೇಲ್ಮೈಯ ಮೇಲೆ ಬೀಳುವ ಬೆಳಕಿನ ಅಳತೆ). ಹೊರಗಿನ ಮಧ್ಯಾಹ್ನದ ಬಿಸಿಲು ಸುಮಾರು 1,00,000 ಲಕ್ಸ್. ಎರಡು ಸಾವಿರ ಪಟ್ಟಿನ ಈ ಇಳಿತಕ್ಕೆ ಕಣ್ಣು ಹೊಂದಿಕೊಳ್ಳಲು ಹಲವು ನಿಮಿಷಗಳು ಬೇಕು, ವಯಸ್ಸಾದವರಿಗೆ ಇನ್ನೂ ಹೆಚ್ಚು. ನಾನು ಕೊಟ್ಟಿದ್ದು ಹತ್ತು ಹೆಜ್ಜೆ, ಅದೂ ಬಿಸಿಲನ್ನು ಗ್ಯಾಲರಿಯ ಬಾಗಿಲವರೆಗೂ ಕರೆತರುವ ಗಾಜಿನೊಳಗೆ.

ಗಾಜಿನ ಹಜಾರವನ್ನು ಕೈಬಿಟ್ಟೆ. ಈಗಿನ ನಕ್ಷೆಯಲ್ಲಿ ತಗ್ಗು ಮಾಡಿನ ಆಳವಾದ ಜಗಲಿ, ಅದರ ನೆರಳಿನಲ್ಲಿ ಟಿಕೆಟ್ಟು, ಒಳಗೆ ಚೀಲ ಇಡುವ ಜಾಗ, ಆಮೇಲೆ ಎರಡು ತಿರುವುಗಳ ಓಣಿ ಇವೆ. ಹಂತಹಂತವಾಗಿ ಬೆಳಕು ಇಳಿಯುತ್ತದೆ. ಬಿದಿರು ಗಳುಗಳಿಗೆ ನೆರಳುಬಲೆ ಮತ್ತು ಕಪ್ಪು ಬಟ್ಟೆ ಕಟ್ಟಿ, ಒಂದು ಮಧ್ಯಾಹ್ನ ಈ ದಾರಿಯ ಮೊದಲ ಮಾದರಿಯನ್ನು ಅಂಗಳದಲ್ಲಿ ನಿಲ್ಲಿಸಿ, ಲಕ್ಸ್ ಮೀಟರ್ ಹಿಡಿದು ನಡೆದು ನೋಡಿದೆವು. ನಕ್ಷೆಯಲ್ಲಿ ಉದ್ದವೆನಿಸಿದ್ದ ಓಣಿ ನಡೆಯುವಾಗ ಗಿಡ್ಡವಾಯಿತು. ಎರಡನೆಯ ತಿರುವನ್ನು ಸೇರಿಸಿದ್ದು ಆ ಸಂಜೆಯೇ.

ಹಳೆಯ ಸಂಗ್ರಹಾಲಯಗಳು ಒಟ್ಟಿಗಿರುವ ಬರ್ಲಿನ್ನಿನ ಮ್ಯೂಸಿಯಂ ದ್ವೀಪದಲ್ಲಿ 2019ರಲ್ಲಿ ತೆರೆದ, ವಾಸ್ತುಶಿಲ್ಪಿ ಡೇವಿಡ್ ಚಿಪ್ಪರ್‌ಫೀಲ್ಡ್ ಅವರ ಕಚೇರಿ ರೂಪಿಸಿದ ಜೇಮ್ಸ್ ಸೈಮನ್ ಗ್ಯಾಲರಿ ಎಂಬ ಪ್ರವೇಶ ಕಟ್ಟಡವನ್ನು ನಾನು ಮೊದಲೇ ಅಭ್ಯಾಸ ಮಾಡಬೇಕಿತ್ತು. ಟಿಕೆಟ್ಟು, ಚೀಲ, ಅಂಗಡಿ, ಉಪಾಹಾರದಂಥ ಸೌಕರ್ಯಗಳನ್ನು ಹೊಸ ಕಟ್ಟಡವೇ ಹೊತ್ತುಕೊಂಡು ಹಳೆಯ ಕಟ್ಟಡಗಳ ಹೊರೆಯನ್ನು ಅದು ಇಳಿಸಿದೆ. ನನ್ನ ಕಣ್ಣಲ್ಲಿ ತುಂಬಿದ್ದ ಲೂವ್ರ್ ಪಿರಮಿಡ್ಡಿನ ಕಥೆಯೂ ಬೇರೆಯೇ ಇತ್ತು: ವರ್ಷಕ್ಕೆ ಸುಮಾರು 45 ಲಕ್ಷ ಜನರಿಗೆಂದು ಯೋಜಿಸಿದ್ದ ಅಲ್ಲಿಗೆ ಅದರ ಎರಡರಷ್ಟು ಜನ ಬರತೊಡಗಿ, 2014ರ ನಂತರ ಒಳಗಿನ ಸ್ವಾಗತದ ವ್ಯವಸ್ಥೆಯನ್ನೇ ಬದಲಿಸಬೇಕಾಯಿತು.

ನನ್ನ ನಕ್ಷೆಯ ಓಣಿಯ ಎರಡನೆಯ ತಿರುವಿನಲ್ಲಿ ಒಂದು ಕಲ್ಲುಬೆಂಚು ಇದೆ. ಖರ್ಚು ಇಳಿಸಲೆಂದು ಅದನ್ನು ಎರಡು ಸಲ ಪಟ್ಟಿಯಿಂದ ತೆಗೆದರು. ಕಣ್ಣು ಹೊಂದಿಕೊಳ್ಳುವವರೆಗೆ ವಯಸ್ಸಾದವರು ಕೂರಬೇಕಾದ ಜಾಗ ಅದೆಂದು ವಿವರಿಸಿ ಎರಡು ಸಲವೂ ಮತ್ತೆ ಸೇರಿಸಿದ್ದೇನೆ.